4ಕೆ ಕ್ಯಾಮೆರಾಗಿಂತ ಮುಂದೆ ಕೂತಿರುವ ಗಾಜು

ಎಲ್ಲರಿಗೂ ನಮಸ್ಕಾರ.

ಎಂಡೋಸ್ಕೋಪ್, ಅಂದರೆ ದೇಹದ ಒಳಗನ್ನು ನೋಡುವ ಕೊಳವೆ, ಅಂದ ಕೂಡಲೇ ಈಗ ಎಲ್ಲರೂ ಕ್ಯಾಮೆರಾ ಬಗ್ಗೆ ಕೇಳುತ್ತಾರೆ. 4ಕೆ ಇದೆಯಾ, ಪರದೆ ಎಷ್ಟು ಇಂಚು? ನಾನು ಅದಕ್ಕಿಂತ ಮುಂದೆ ಕೂತಿರುವ ಗಾಜಿನ ಬಗ್ಗೆ ಮಾತಾಡುತ್ತೇನೆ. ಗಾಜು ಕೈಕೊಟ್ಟರೆ 4ಕೆ ಕ್ಯಾಮೆರಾ ಮಸುಕನ್ನೇ ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೇ.

ಗಟ್ಟಿ ಕೊಳವೆಯ ಸ್ಕೋಪನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು 30 ಸೆಂಟಿಮೀಟರ್, ದಪ್ಪ ಕೆಲವೊಮ್ಮೆ 4 ಮಿಲಿಮೀಟರ್ ಮಾತ್ರ. ಅದರಲ್ಲೂ ಒಂದಷ್ಟು ಜಾಗ ಬೆಳಕನ್ನು ಒಳಗೆ ಒಯ್ಯುವ ಫೈಬರ್‌ಗಳಿಗೆ ಹೋಗುತ್ತದೆ. ಉಳಿದ ಸಂದಿಯಲ್ಲೇ ಚಿತ್ರ ಹೊರಗೆ ಬರಬೇಕು.

ಮೊದಲೆಲ್ಲ ಕೊಳವೆಯೊಳಗೆ ಪುಟ್ಟ ಪುಟ್ಟ ಲೆನ್ಸ್ ಇಡುತ್ತಿದ್ದರು, ನಡುವೆ ಉದ್ದುದ್ದ ಗಾಳಿ. ಲೆನ್ಸ್ ಅಲ್ಲಾಡದಿರಲಿ ಅಂತ ಒಳಗೆ ಇನ್ನೊಂದು ತೆಳು ಕೊಳವೆ ಬೇಕಿತ್ತು. ಅದು ಇದ್ದ ಜಾಗವನ್ನೂ ತಿನ್ನುತ್ತಿತ್ತು. 1959ರಲ್ಲಿ ಬ್ರಿಟನ್ನಿನ ಹೆರಾಲ್ಡ್ ಹಾಪ್ಕಿನ್ಸ್ ಇದನ್ನು ತಿರುವುಮುರುವು ಮಾಡಿದರು. ಗಾಳಿ ಇದ್ದಲ್ಲಿ ಗಾಜಿನ ಕಡ್ಡಿ, ಗಾಜು ಇದ್ದಲ್ಲಿ ಸಣ್ಣ ಗಾಳಿಯ ಸಂದು! ಕಡ್ಡಿ ತನ್ನಷ್ಟಕ್ಕೆ ಕೊಳವೆಯಲ್ಲಿ ನಿಲ್ಲುತ್ತದೆ. ಗಾಜಿನೊಳಗೆ ಕಿರಣಗಳು ಕಡಿಮೆ ಹರಡುವುದರಿಂದ ಅದೇ ದಪ್ಪದಲ್ಲಿ ಜಾಸ್ತಿ ಬೆಳಕು ಬರುತ್ತದೆ. ಹೇಳಿದ ಮೇಲೆ ಎಷ್ಟು ಸುಲಭ ಅನಿಸುತ್ತದೆ, ಅಲ್ವಾ? ನನಗೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ.

ಇನ್ನು ಪ್ರತಿಫಲನ ತಗ್ಗಿಸಲು ಗಾಜಿನ ಮೇಲೆ ಹಾಕುವ ಲೇಪನದ ಲೆಕ್ಕ. ಬರಿಯ ಗಾಜಿನ ಒಂದೊಂದು ಮೇಲ್ಮೈಯೂ ಸುಮಾರು ಶೇ 4ರಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ. ಇಂಥ 40 ಮೇಲ್ಮೈ ದಾಟಿದರೆ ಕೈಗೆ ಸಿಗುವುದು ಐದರಲ್ಲಿ ಒಂದು ಪಾಲು. ಲೇಪನ ಹಾಕಿ ನಷ್ಟವನ್ನು ಶೇ 0.5ಕ್ಕೆ ಇಳಿಸಿದರೆ ಶೇ 80ಕ್ಕೂ ಜಾಸ್ತಿ ಉಳಿಯುತ್ತದೆ. ವಾಪಸ್ ಹೋದ ಬೆಳಕು ಸುಮ್ನೆ ಕೂರುವುದಿಲ್ಲ ಬೇರೆ. ಒಳಗೇ ಪುಟಿದು ಚಿತ್ರದ ಮೇಲೆ ಬಿಳಿ ಮಂಜಿನ ಹಾಗೆ ಕೂರುತ್ತದೆ. ಸಣ್ಣ ರಕ್ತನಾಳಗಳು ಮೊದಲು ಮಾಯವಾಗುವುದು ಇಲ್ಲೇ.

ಕ್ಯಾಮೆರಾ ಚಿಪ್ಪನ್ನು ತುದಿಯಲ್ಲೇ ಇಟ್ಟ ಬಗ್ಗುವ ಸ್ಕೋಪಿನಲ್ಲಿ ಈ ಕಡ್ಡಿಗಳು ಬೇಡ. ಆದರೆ ತಲೆನೋವು ಬೇರೆ. ಹತ್ತಿರದ್ದೂ ದೂರದ್ದೂ ಸ್ಪಷ್ಟ ಕಾಣಲಿ ಅಂತ ಲೆನ್ಸಿನ ಬಾಯಿ ಕಿರಿದು ಮಾಡುತ್ತಾರೆ. ಬಾಯಿ ಕಿರಿದಾದಷ್ಟೂ ಬೆಳಕಿನ ಚುಕ್ಕೆ ಹರಡುತ್ತದೆ. ಬಾಯಿ ಎಷ್ಟು ಕಿರಿದು ಅಂತ ಹೇಳುವ ಎಫ್ ಸಂಖ್ಯೆ 8 ಇದ್ದರೆ ಹಸಿರು ಬೆಳಕಿನ ಚುಕ್ಕೆ ಸುಮಾರು 11 ಮೈಕ್ರಾನ್ ಅಗಲ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಚಿಪ್ಪಿನ ಪಿಕ್ಸೆಲ್ 2 ಮೈಕ್ರಾನ್ ಇದ್ದರೆ ಒಂದೇ ಚುಕ್ಕೆ ಐದು ಪಿಕ್ಸೆಲ್ ಅಗಲಕ್ಕೆ ಹರಡಿತು! ಪಿಕ್ಸೆಲ್ ಇನ್ನೂ ಚಿಕ್ಕದು ಮಾಡಿ ಏನು ಬಂತು?

ಸ್ಕೋಪಿನ ತುದಿಯ ಕಿಟಕಿಗೆ ಸಾಮಾನ್ಯವಾಗಿ ನೀಲಮಣಿ, ಅಂದರೆ ಸಫೈರ್, ಬಳಸುತ್ತಾರೆ. ಗೀರು ಬೀಳುವುದು ಕಡಿಮೆ, ಉಪಕರಣಗಳನ್ನು ಕ್ರಿಮಿಮುಕ್ತ ಮಾಡುವ ಆಟೋಕ್ಲೇವಿನ 134 ಡಿಗ್ರಿ ಹಬೆಯನ್ನೂ ತಡೆಯುತ್ತದೆ. ಅದರ ಸುತ್ತಲಿನ ಅಂಟು ಅಥವಾ ಬೆಸುಗೆ ಸ್ವಲ್ಪ ಬಿಟ್ಟರೂ ಹಬೆ ಒಳಗೆ ನುಗ್ಗುತ್ತದೆ. ಹೊರಗಿನಿಂದ ಎಷ್ಟು ಒರೆಸಿದರೂ ಆ ಮಂಜು ಹೋಗುವುದಿಲ್ಲ.

ಮುಂದಿನ ಮೇಜಿನ ಮೇಲೆ ಎರಡು ಸ್ಕೋಪ್ ಇಟ್ಟಿದ್ದೇನೆ. ಒಂದರ ಕೊಳವೆ ಚೂರು ಬಾಗಿದೆ, ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಅಚ್ಚಾದ ಹಾಳೆಯತ್ತ ತುದಿ ಹಿಡಿದು ನೋಡಿ. ಚಿತ್ರದ ಅಂಚಿನಲ್ಲಿ ಬಿದಿಗೆ ಚಂದ್ರನ ಆಕಾರದ ಕಪ್ಪು ನೆರಳು ಯಾವುದರಲ್ಲಿದೆ ಅಂತ ನೀವೇ ಹುಡುಕಿ.