ದಣಪೆ ಇಲ್ಲದ ರೇಸ್

ಕೇಳುಗರಿಗೆ ನಮಸ್ಕಾರ.

ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕುವ ಪ್ರಿಂಟರ್ ಇರುತ್ತದೆ, ನೀವೆಲ್ಲ ನೋಡಿರುತ್ತೀರಿ. ಪುಸ್ತಕ ಒಳಗೆ ಎಳೆದುಕೊಂಡು, ಕರ್ ಕರ್ ಎಂದು ನಾಲ್ಕೈದು ಸಾಲು ಹೊಡೆದು ಹೊರಗೆ ಬಿಡುತ್ತದೆ. ನಮ್ಮ ಕಡೆ ಅಡಿಕೆ ಬೆಳೆಗಾರರ ಪಾಸ್‌ಬುಕ್ಕಿನಲ್ಲಿ ಸಾಲುಗಳೇ ಕಡಿಮೆ. ಮಂಡಿಯಿಂದ ಬಂದ ದುಡ್ಡು, ಗೊಬ್ಬರದ ಅಂಗಡಿಗೆ ಹೋದ ದುಡ್ಡು, ಸಾಲದ ಕಂತು, ಮಕ್ಕಳ ಫೀಸು. ವರ್ಷಕ್ಕೆ ಎರಡು ಪುಟ ತುಂಬಿದರೆ ಹೆಚ್ಚು.

ನಾನು ತೀರ್ಥಹಳ್ಳಿ ಕಡೆಯ ಒಂದು ಶಾಖೆಯಲ್ಲಿದ್ದೆ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ಒಂದು ಬೆಳಿಗ್ಗೆ ಒಬ್ಬ ತಾಯಿ ಪಾಸ್‌ಬುಕ್ ತಂದುಕೊಟ್ಟರು. ತಾಯಿ, ಮಗ ಇಬ್ಬರ ಹೆಸರಿನ ಖಾತೆ. ಪುಸ್ತಕ ಮಿಷನ್ನಿಗೆ ಕೊಟ್ಟೆ. ಪುಟ ತುಂಬಿತು, ತಿರುಗಿಸಿ ಕೊಟ್ಟೆ. ಮತ್ತೆ ತುಂಬಿತು, ಮತ್ತೆ ತಿರುಗಿಸಿದೆ. ಐದುನೂರು, ಸಾವಿರ, ಐದುನೂರು, ಎರಡು ಸಾವಿರ. ಒಂದೇ ತಾರೀಖಿಗೆ ಇಪ್ಪತ್ತು ಸಾಲು. ಕೊನೆಗೆ ಪುಸ್ತಕವೇ ಮುಗಿಯಿತು, ಎಂಟ್ರಿ ಮುಗಿಯಲಿಲ್ಲ. ಆ ತಾಯಿ ಕೌಂಟರಿನ ಆಚೆ ನಿಂತು, "ಏನ್ ಸಾರ್ ಅದು, ಮಿಷನ್ ಕೆಟ್ಟಿದೆಯಾ?" ಎಂದು ಕೇಳಿದರು. ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ.

ಮಗ ಫೋನಿನಲ್ಲಿ ಕುದುರೆ ಬಾಲಕ್ಕೆ ದುಡ್ಡು ಕಟ್ಟುತ್ತಿದ್ದ. ಹನ್ನೊಂದು ತಿಂಗಳಲ್ಲಿ ನಾಲ್ಕು ಲಕ್ಷ ದಾಟಿತ್ತು. ಅವನು ರೇಸ್ ಕೋರ್ಸ್‌ನ ಗೇಟು ಸಹ ನೋಡಿದವನಲ್ಲ. ಕುದುರೆಯ ಮೈ ಮುಟ್ಟಿದವನಲ್ಲ.

ಅವತ್ತು ಮನೆಗೆ ಹೋಗುವ ದಾರಿಯಲ್ಲೆಲ್ಲ ನನಗೆ ನನ್ನ ಸೋದರಮಾವ ನೆನಪಾದರು. ಯಾಕೆಂದರೆ ಮಾವನಿಗೂ ರೇಸಿನ ಚಟ ಇತ್ತು. ನಮ್ಮ ನೆಂಟರಲ್ಲೆಲ್ಲ ಅದು ಗೊತ್ತಿದ್ದ ವಿಷಯ. ಇಬ್ಬರೂ ಕಟ್ಟಿದ್ದು ಕುದುರೆಗೇ. ಆದರೆ ಮಾವನ ತೋಟ ಉಳಿಯಿತು.

ನಮ್ಮ ರಾಜ್ಯದಲ್ಲಿ ರೇಸ್ ನಡೆಯುವುದು ಎರಡು ಊರಲ್ಲಿ. ಬೆಂಗಳೂರಿನಲ್ಲಿ ಟರ್ಫ್ ಕ್ಲಬ್ ಇದೆ. ಮೈಸೂರಿನ ರೇಸ್ ಕ್ಲಬ್ 1891ರಷ್ಟು ಹಳೆಯದು, ಚಾಮುಂಡಿ ಬೆಟ್ಟದ ಮೇಲೆ ನಿಂತರೆ ಅದರ ಹಸಿರು ಸುತ್ತು ಚೆನ್ನಾಗಿ ಕಾಣುತ್ತದೆ. ಕುಣಿಗಲ್‌ನಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಫಾರ್ಮ್ ಇದೆ. ಶಿವಮೊಗ್ಗದವರಿಗೆ ಇವೆಲ್ಲ ದೂರ. ಬೆಂಗಳೂರು ಎಂದರೆ ಸುಮಾರು 300 ಕಿಲೋಮೀಟರ್. ಮಾವ ವರ್ಷಕ್ಕೆ ನಾಲ್ಕೈದು ಸಲ ಹೋಗುತ್ತಿದ್ದರು. ಅಡಿಕೆ ಮಾರಿದ ಮೇಲೆ ಒಂದು, ಬೇಸಿಗೆಯ ಸೀಸನ್‌ನಲ್ಲಿ ಎರಡು, ಹೀಗೆ. 1986ರಲ್ಲಿ ಕಾಲೇಜು ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಹೋದರು.

ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದೆವು. ಅಲ್ಲಿಂದ ರೇಸ್ ಕೋರ್ಸ್‌ಗೆ ನಡೆದೇ ಹೋಗಬಹುದು. ಹೊರಡುವ ಮೊದಲೇ ಅತ್ತೆ ಮಾವನ ಒಳಜೇಬಿಗೆ ವಾಪಸ್ ಬರುವ ಬಸ್ ಚಾರ್ಜು ಇಟ್ಟು ಪಿನ್ನು ಹಾಕಿದ್ದರು. ಆ ಪಿನ್ನು ತೆಗೆಯುವುದು ಮೆಜೆಸ್ಟಿಕ್‌ನಲ್ಲಿ, ಸಂಜೆ. ಅದು ಅತ್ತೆಯ ಕಟ್ಟಪ್ಪಣೆ.

ಒಳಗೆ ಹೋದ ಮೇಲೆ ಮಾವ ಮೊದಲು ಹೋಗಿದ್ದು ದುಡ್ಡು ಕಟ್ಟುವ ಕಡೆಗಲ್ಲ, ಪ್ಯಾಡಕ್‌ಗೆ. ರೇಸಿಗೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸಿ ತೋರಿಸುವ ಜಾಗ ಅದು. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಮಾವ ಸುಳಿ ನೋಡುತ್ತಿದ್ದರು, ಗೊರಸು ನೋಡುತ್ತಿದ್ದರು, ನಡಿಗೆ ನೋಡುತ್ತಿದ್ದರು. ಇಲ್ಲೂ ಅದೇ ಕಣ್ಣು. "ಬಣ್ಣ ನೋಡಬೇಡ ಮಾರಾಯ, ಕಾಲು ನೋಡು" ಎಂದರು. ಕಿವಿ ನೆಟ್ಟಗಿದೆಯಾ, ಓಡುವ ಮೊದಲೇ ತೊಡೆಸಂದಿಯಲ್ಲಿ ಬೆವರು ನೊರೆ ಕಟ್ಟಿದೆಯಾ, ಹಿಂಗಾಲು ಎಳೆಯುತ್ತಿದೆಯಾ. ಹಿಂದಿನ ರಾತ್ರಿ ಮಳೆ ಬಂದಿತ್ತು. ನೆಲ ಮೆತ್ತಗಿದೆ, ಭಾರ ಹೊತ್ತ ಕುದುರೆಗೆ ಕಷ್ಟ ಎಂದು ಅವರೇ ಲೆಕ್ಕ ಹಾಕಿದರು. ಚೆನ್ನಾಗಿ ಓಡುವ ಕುದುರೆಯ ಮೇಲೆ ಜಾಸ್ತಿ ತೂಕ ಹೊರಿಸಿ, ಎಲ್ಲವನ್ನೂ ಸಮ ಮಾಡಿ ಓಡಿಸುವ ಪದ್ಧತಿ ಅಲ್ಲಿದೆ. ಅದನ್ನು ಹ್ಯಾಂಡಿಕ್ಯಾಪ್ ಅನ್ನುತ್ತಾರೆ.

ಆಮೇಲೆ ಕುದುರೆಗಳು ಓಡಿದವು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ತಿರುವಿನಲ್ಲಿ ಇರುವಾಗ ಏನೂ ಕೇಳುವುದಿಲ್ಲ. ನೇರಕ್ಕೆ ಬಂದಾಗ ಮೊದಲು ಪಾದಕ್ಕೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ. ಅಷ್ಟು ಜನ ಒಟ್ಟಿಗೆ ಕೂಗುತ್ತಿದ್ದರೂ ಗೊರಸಿನ ಸದ್ದು ಬೇರೆಯಾಗಿ ಕೇಳುತ್ತದೆ. ಅದು ಸುಂದರವಾದ ಪ್ರಾಣಿ. ಅದರ ಓಟ ನೋಡುವುದರಲ್ಲಿ ಸಂತೋಷ ಇದೆ. ಅದನ್ನು ಇಲ್ಲ ಎಂದರೆ ಸುಳ್ಳು ಹೇಳಿದ ಹಾಗೆ.

ಒಂದು ರೇಸಿಗೂ ಇನ್ನೊಂದಕ್ಕೂ ನಡುವೆ ಸುಮಾರು ಅರ್ಧ ಗಂಟೆ. ದಿನಕ್ಕೆ ಏಳೆಂಟು ರೇಸು. ಆ ಅರ್ಧ ಗಂಟೆಯಲ್ಲಿ ಮಾವ ಕಾಫಿ ಕುಡಿದರು, ಪಕ್ಕದವರ ಹತ್ತಿರ ಮಾತಾಡಿದರು, ಜೇಬು ಮುಟ್ಟಿ ನೋಡಿಕೊಂಡರು. ನಾಲ್ಕನೇ ರೇಸಿನಲ್ಲಿ ಗೆದ್ದರು. ಉಳಿದದ್ದರಲ್ಲಿ ಸೋತರು. ಸಂಜೆ ಆಯಿತು, ಮುಗಿಯಿತು, ಜನ ಹೊರಗೆ ಬಂದರು, ಗೇಟು ಹಾಕಿದರು. ಕಳೆದುಕೊಂಡ ಜಾಗದಲ್ಲೇ ಹುಡುಕಬೇಕು ಎಂಬ ಹಟ ಜೂಜಾಡುವವರಿಗೆಲ್ಲ ಬರುತ್ತದೆ, ಮಾವನಿಗೂ ಬಂದಿತ್ತು. ಆದರೆ ಹುಡುಕಲು ಆ ದಿನ ರೇಸೇ ಇಲ್ಲ. ಮನೆಗೆ ಬಂದರೆ ಕೊಳೆರೋಗಕ್ಕೆ ಔಷಧಿ ಹೊಡೆಸುವ ಕೆಲಸ. ಮುಂದಿನ ಸಲಕ್ಕೆ ಎರಡು ತಿಂಗಳು.

ಟ್ರ್ಯಾಕಿನಲ್ಲಿ ಆಡಿದರೆ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಮಾವ ಗೆದ್ದದ್ದಕ್ಕಿಂತ ಕಳೆದದ್ದು ಜಾಸ್ತಿ. ಅತ್ತೆಯ ಎರಡು ಬಳೆ ಹೋದವು, ವಾಪಸ್ ಬರಲೇ ಇಲ್ಲ. ಅದಕ್ಕೆ ಕಾರಣವೂ ಇದೆ. ಟೋಟ್ ಎನ್ನುವ ಪದ್ಧತಿ ಹೇಗೆ ನಡೆಯುತ್ತದೆ ನೋಡಿ. ನೂರು ಜನ ತಲಾ ನೂರು ರೂಪಾಯಿ ಹಾಕಿದರು ಎಂದುಕೊಳ್ಳಿ, ಹತ್ತು ಸಾವಿರ ಆಯಿತು. ಅದರಲ್ಲಿ ಕ್ಲಬ್ಬಿನ ಪಾಲು ಹೋಗುತ್ತದೆ, ತೆರಿಗೆ ಹೋಗುತ್ತದೆ. ಉಳಿದದ್ದನ್ನು ಗೆದ್ದ ಕುದುರೆಗೆ ಕಟ್ಟಿದವರಿಗೆ ಹಂಚುತ್ತಾರೆ. ಅಂದರೆ ಗೆದ್ದವನ ಕೈಗೆ ಬರುವುದು ಸೋತವನ ದುಡ್ಡು. ಎಲ್ಲರೂ ಸೇರಿ ಹಾಕಿದ್ದಕ್ಕಿಂತ ಎಲ್ಲರೂ ಸೇರಿ ತೆಗೆದುಕೊಳ್ಳುವುದು ಯಾವಾಗಲೂ ಕಡಿಮೆ. ಬಾಜಿ ಕಟ್ಟಿಸಿಕೊಳ್ಳುವ ಬುಕ್ಕಿಯೂ ತನ್ನ ಲಾಭ ಇಟ್ಟುಕೊಂಡೇ ದರ ಹಾಕುತ್ತಾನೆ. 2023ರ ಅಕ್ಟೋಬರ್‌ನಿಂದ ಕಟ್ಟಿದ ಪೂರ್ತಿ ದುಡ್ಡಿನ ಮೇಲೆ ಶೇಕಡ 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡ 40. ಹೀಗಿರುವಾಗ ವರ್ಷಗಟ್ಟಲೆ ಆಡಿ ಲಾಭದಲ್ಲಿ ಉಳಿಯುವುದು ಎಷ್ಟು ಜನಕ್ಕೆ ಸಾಧ್ಯ, ನೀವೇ ಹೇಳಿ.

ಇನ್ನು ಆ ಹುಡುಗನ ಫೋನಿನ ವಿಷಯಕ್ಕೆ ಬರುತ್ತೇನೆ.

ನಮ್ಮ ತೋಟದ ದಾರಿಗೆ ದಣಪೆ ಇರುತ್ತದಲ್ಲ, ಅಡ್ಡ ಗಳ ಸರಿಸಿ, ಒಳಗೆ ಹೋಗಿ, ಮತ್ತೆ ಎಳೆದು ಹಾಕಬೇಕು. ಮಾವನ ಜೂಜಿಗೆ ಅಂಥ ದಣಪೆಗಳು ಎಷ್ಟೋ ಇದ್ದವು. ರಾತ್ರಿ ಬಸ್ಸು, ಮುನ್ನೂರು ಕಿಲೋಮೀಟರ್, ಜೇಬಿನಲ್ಲಿ ಇದ್ದಷ್ಟೇ ನೋಟು, ಅರ್ಧ ಗಂಟೆಯ ಬಿಡುವು, ಅತ್ತೆಯ ಪಿನ್ನು, ಸಂಜೆ ಹಾಕುವ ಗೇಟು. ಇವು ಯಾವುವನ್ನೂ ಮಾವನನ್ನು ಕಾಪಾಡಲಿ ಎಂದು ಯಾರೂ ಮಾಡಿದ್ದಲ್ಲ. ಆದರೂ ಕಾಪಾಡಿದವು. ಫೋನಿನಲ್ಲಿ ಈ ದಣಪೆ ಒಂದೂ ಇಲ್ಲ.

ಹುಡುಗ ಆಮೇಲೆ ನನಗೆ ಎಲ್ಲವನ್ನೂ ತೋರಿಸಿದ. ಬೆಳಿಗ್ಗೆ ಏಳೂವರೆ ಎಂಟಕ್ಕೆ ಆಸ್ಟ್ರೇಲಿಯಾದ ರೇಸು ಶುರು. ಆಮೇಲೆ ಹಾಂಗ್‌ಕಾಂಗ್, ಮಧ್ಯಾಹ್ನ ನಮ್ಮ ದೇಶದ್ದು. ಸಂಜೆಗೆ ಇಂಗ್ಲೆಂಡ್, ರಾತ್ರಿ ಹತ್ತೂವರೆ ದಾಟಿದರೆ ಅಮೆರಿಕ. ಭೂಮಿ ತಿರುಗಿದ ಹಾಗೆ ರೇಸೂ ತಿರುಗುತ್ತದೆ, ನಿಲ್ಲುವುದೇ ಇಲ್ಲ. ನಡುವೆ ಬೇಸರ ಆದರೆ ವರ್ಚುವಲ್ ರೇಸ್ ಅಂತ ಒಂದು ಇದೆ. ಅಲ್ಲಿ ಕುದುರೆಯೂ ಇಲ್ಲ, ಜಾಕಿಯೂ ಇಲ್ಲ. ಎಲ್ಲ ಕಂಪ್ಯೂಟರ್ ಬರೆದ ಚಿತ್ರ. ಯಾವ ನಂಬರು ಮುಂದೆ ಬರಬೇಕು ಎಂದು ಪ್ರೋಗ್ರಾಮ್ ತೀರ್ಮಾನ ಮಾಡುತ್ತದೆ. ಎರಡು ಮೂರು ನಿಮಿಷಕ್ಕೆ ಒಂದು ರೇಸು. ಅವನ ಫೋನಿನಲ್ಲಿ ನಾನು ಟೈಮ್ ಓದಿದೆ. ರಾತ್ರಿ 1 ಗಂಟೆ 10 ನಿಮಿಷ, ಐದುನೂರು. 1 ಗಂಟೆ 13, ಸಾವಿರ. 1 ಗಂಟೆ 15, ಎರಡು ಸಾವಿರ. ಪಕ್ಕದ ಕೋಣೆಯಲ್ಲಿ ತಾಯಿ ಮಲಗಿದ್ದರು.

"ಸರ್, ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟೇ ಹೇಳಿದೆ" ಎಂದ ಅವನು. ಹೌದು, ಹೇಳಿದೆ. 1996ರಲ್ಲಿ, ಮದ್ರಾಸ್ ರೇಸ್ ಕ್ಲಬ್ಬಿಗೆ ಸಂಬಂಧಪಟ್ಟ ಮೊಕದ್ದಮೆಯಲ್ಲಿ. ಕುದುರೆಯ ತಳಿ, ತರಬೇತಿ, ಸವಾರನ ಕೈಚಳಕ, ಇವನ್ನೆಲ್ಲ ತೂಗಿ ನೋಡಬೇಕಾದ ಆಟ ಅದು ಎಂದು. ನಾನು ಅವನನ್ನು ಕೇಳಿದೆ, ರಾತ್ರಿ ಒಂದು ಗಂಟೆಗೆ ನೀನು ತೂಗಿ ನೋಡಿದ್ದು ಏನನ್ನು? ಕುದುರೆಯ ಕಾಲು ನೋಡಿದೆಯಾ? ನೆಲ ಒದ್ದೆಯಾಗಿತ್ತಾ? ಅವನು ಸುಮ್ಮನಾದ. ಬೈಯಬೇಕು ಎಂದು ನಾನು ಕೇಳಿದ್ದಲ್ಲ. ಆ ತೀರ್ಪು ಪ್ಯಾಡಕ್ ಹತ್ತಿರ ನಿಂತ ನಮ್ಮ ಮಾವನಂಥವರಿಗೆ ಒಪ್ಪುತ್ತದೆ. ಮಂಚದ ಮೇಲೆ ಮಲಗಿ ಬೆರಳು ಒತ್ತುವವನಿಗೆ ಅದನ್ನು ಹೇಳಿಕೊಟ್ಟು ಧೈರ್ಯ ತುಂಬಿದವರು ಯಾರು ಎಂದು ನನಗೆ ಸಿಟ್ಟು ಬಂತು.

ದುಡ್ಡಿನ ವಿಷಯ ಇನ್ನೊಂದು. ನೋಟು ಎಣಿಸಿ ಕೊಟ್ಟರೆ ಕೈಗೆ ಗೊತ್ತಾಗುತ್ತದೆ. ಆ್ಯಪ್‌ನಲ್ಲಿ ದುಡ್ಡು ಬರೀ ಅಂಕಿ. ಮೊದಲ ವಾರ ಅವನಿಗೆ ಮೂರು ಸಾವಿರ ಬಂತು, ಖಾತೆಗೇ ಬಂತು. ಹಾಗೆ ಬಂದದ್ದರಿಂದ ನಂಬಿಕೆ ಹುಟ್ಟಿತು. ಆಮೇಲೆ ಒಂದು ಸಲ ಅರವತ್ತು ಸಾವಿರ ಗೆದ್ದ ಎಂದು ತೋರಿಸಿತು. ತೆಗೆಯಲು ಹೋದರೆ, ಮೊದಲು ತೆರಿಗೆ ಎಂದು ಹದಿನೆಂಟು ಸಾವಿರ ಕಟ್ಟಿ ಎಂದರು. ಕಟ್ಟಿದ. ಅದೂ ಹೋಯಿತು. ಕೇಳುಗರೇ, ಇದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ಕುದುರೆ ರೇಸಿನಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಗೆದ್ದರೆ ಶೇಕಡ 30 ಆದಾಯ ತೆರಿಗೆ ಹಿಡಿಯುವುದು ನಿಜ. ಆದರೆ ದುಡ್ಡು ಕೊಡುವವರು ಅದನ್ನು ಗೆದ್ದ ದುಡ್ಡಿನಲ್ಲೇ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಮೊದಲು ನೀವು ಕಟ್ಟಿ, ಆಮೇಲೆ ಕೊಡುತ್ತೇವೆ ಎಂದರೆ ಅದು ಮೋಸ.

ನಾನು ಬ್ಯಾಂಕಿನವನಾದ್ದರಿಂದ ಕಂಡ ಇನ್ನೊಂದು ಅಪಾಯ ಹೇಳುತ್ತೇನೆ. ಇವನು ಕಳಿಸಿದ ದುಡ್ಡು ಯಾವ ಕಂಪನಿಯ ಖಾತೆಗೂ ಹೋಗಿರಲಿಲ್ಲ. ಒಂದೊಂದು ಸಲ ಒಂದೊಂದು ಊರಿನ, ಇವನ ವಯಸ್ಸಿನದೇ ಹುಡುಗರ ಖಾತೆಗೆ ಹೋಗಿತ್ತು. ಇಂಥ ಆ್ಯಪ್ ನಡೆಸುವವರು, ತಿಂಗಳಿಗೆ ಇಷ್ಟು ಕೊಡುತ್ತೇವೆ, ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ಮು ನಮಗೆ ಕೊಡು ಎಂದು ಕಾಲೇಜು ಹುಡುಗರಿಂದ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಪೊಲೀಸರು ಜಾಡು ಹಿಡಿದು ಬಂದಾಗ ಮೊದಲು ಫ್ರೀಜ್ ಆಗುವುದು ಆ ಹುಡುಗನ ಖಾತೆ. ಆಟ ಆಡದಿದ್ದರೂ ಕೇಸು ಅವನ ಮೇಲೆ. ನಿಮ್ಮ ಮನೆಯ ಮಕ್ಕಳಿಗೆ ಇದನ್ನು ಇವತ್ತೇ ಹೇಳಿ.

ಕಾನೂನಿನ ಮಾತು ಸ್ವಲ್ಪ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಕಾನೂನು ಪಾಸು ಮಾಡಿತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದ ಅದರಲ್ಲಿ ಇಲ್ಲ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ ಎಂದಿದೆ. ಜಾಹೀರಾತು ಕೊಡುವವರಿಗೂ ಶಿಕ್ಷೆ ಇದೆ. ಆದರೆ ಆಡಿ ಸೋತವನನ್ನು ಆ ಕಾನೂನು ಅಪರಾಧಿ ಮಾಡಿಲ್ಲ. ಇದು ಬಹಳ ಮುಖ್ಯ. ಎಷ್ಟೋ ಮನೆಗಳಲ್ಲಿ ಪೊಲೀಸರಿಗೆ ಹೆದರಿ, ನೆಂಟರ ಬಾಯಿಗೆ ಹೆದರಿ ವಿಷಯ ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟು ದಿನ ಸಾಲ ಬೆಳೆಯುತ್ತದೆ.

ಆ ಮನೆಯಲ್ಲಿ ನಾವು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಕಿತ್ತುಹೋದ ದಣಪೆಯನ್ನು ಮತ್ತೆ ಹಾಕಿದೆವು, ಅಷ್ಟೇ. ಇಬ್ಬರಲ್ಲಿ ಯಾರಾದರೂ ತೆಗೆಯಬಹುದು ಎಂದಿದ್ದ ಖಾತೆಯನ್ನು ಇಬ್ಬರ ಸಹಿಯೂ ಬೇಕು ಎಂದು ಬದಲಾಯಿಸಿದೆವು. ಅಡಿಕೆಯ ದುಡ್ಡು ಅಲ್ಲಿಗೇ ಬರುತ್ತದೆ. ಅಂಥ ಖಾತೆಗೆ ನಮ್ಮ ಬ್ಯಾಂಕಿನಲ್ಲಿ ಯುಪಿಐ ಸಿಗುವುದಿಲ್ಲ. ಹುಡುಗನ ಕೈಖರ್ಚಿಗೆ ಬೇರೆ ಸಣ್ಣ ಖಾತೆ, ಅದಕ್ಕೆ ದಿನಕ್ಕೆ ಐದುನೂರರ ಮಿತಿ. ಸಾಲ ಕೊಟ್ಟವರ ಹೆಸರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿದೆವು. ಅದನ್ನು ಬರೆಯುವಾಗ ಅವನ ಕೈ ನಡುಗಿತು. ಅವನ ತಾಯಿ ಪಕ್ಕದಲ್ಲಿ ಕೂತು ಒಂದು ಮಾತೂ ಆಡಲಿಲ್ಲ, ಬೆನ್ನ ಮೇಲೆ ಕೈ ಇಟ್ಟುಕೊಂಡೇ ಇದ್ದರು.

ಇಷ್ಟರಿಂದ ಚಟ ಬಿಡುವುದಿಲ್ಲ. ಅದು ಕಾಯಿಲೆಯ ಹಾಗೆ, ಅದಕ್ಕೆ ಬೇರೆಯವರ ಸಹಾಯ ಬೇಕು. ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ. ಟೆಲಿಮಾನಸ್, ಅಂದರೆ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ನಂಬರು 14416. ಇನ್ನೊಂದು ಸಲ ಹೇಳುತ್ತೇನೆ. ಒಂದು, ನಾಲ್ಕು, ನಾಲ್ಕು, ಒಂದು, ಆರು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನಿನ ಗೀಳಿಗೆಂದೇ 2014ರಿಂದ ಒಂದು ಕ್ಲಿನಿಕ್ ನಡೆಯುತ್ತಿದೆ. ದುಡ್ಡು ಮೋಸ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೋಸ ಆದ ಮೊದಲ ಒಂದೆರಡು ಗಂಟೆಯಲ್ಲೇ ಮಾಡಿದರೆ ದುಡ್ಡನ್ನು ತಡೆಹಿಡಿಯುವ ಅವಕಾಶ ಜಾಸ್ತಿ.

ಆ ಹುಡುಗ ಮೊದಲ ಸಲ 14416ಕ್ಕೆ ಫೋನ್ ಮಾಡಿದ್ದು ನಮ್ಮ ಮನೆಯ ಜಗಲಿಯಲ್ಲಿ ಕೂತು. ಹೊರಗೆ ಮಳೆ ಹೊಯ್ಯುತ್ತಿತ್ತು, ಸರಿಯಾಗಿ ಕೇಳುವುದಿಲ್ಲ ಎಂದು ಸ್ಪೀಕರ್ ಹಾಕಿದ್ದ. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ, "ಹೇಳಿ, ಕೇಳಿಸ್ಕೊಳ್ತಾ ಇದೀನಿ" ಎಂದರು. ನಾನು ಎದ್ದು ಒಳಗೆ ಹೋದೆ. ಮುಕ್ಕಾಲು ಗಂಟೆ ಆದ ಮೇಲೆ ಕಾಫಿ ತೆಗೆದುಕೊಂಡು ಬಂದೆ. ಅವನು ಇನ್ನೂ ಮಾತಾಡುತ್ತಿದ್ದ.

ನಮಸ್ಕಾರ.