ಧೈರ್ಯ ಹೇಳುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಯಾರಾದರೂ ನಮ್ಮ ಹತ್ತಿರ ಬಂದು "ಯಾಕೋ ಏನೂ ಬೇಡ ಅನ್ನಿಸ್ತಾ ಇದೆ" ಅಂದರೆ ನಾವು ಮೊದಲು ಮಾಡುವ ಕೆಲಸ ಧೈರ್ಯ ಹೇಳುವುದು. "ಅಯ್ಯೋ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಂಡರೆ ಹೇಗೆ?", "ನಿನಗೇನು ಕಡಿಮೆಯಾಗಿದೆ?", "ನನ್ನ ಕಷ್ಟದ ಮುಂದೆ ನಿನ್ನದು ಯಾವ ಲೆಕ್ಕ?" ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ತಡ, ಎದುರಿಗಿದ್ದವರು "ಹೌದೌದು, ಸರಿಹೋಗುತ್ತೆ ಬಿಡಿ" ಅಂತ ಒಂದು ನಗೆ ನಕ್ಕು ಎದ್ದು ಹೋಗುತ್ತಾರೆ. ಎಷ್ಟೋ ದಿನದಿಂದ ಒಳಗೊಳಗೇ ಜೋಡಿಸಿಕೊಂಡು ಬಂದಿದ್ದ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅದನ್ನೇ ಇನ್ನೊಮ್ಮೆ, ಇನ್ನೊಬ್ಬರ ಮುಂದೆ ಹೇಳುವುದಕ್ಕೆ ಅವರಿಗೆ ತಿಂಗಳುಗಳೇ ಹಿಡಿದಾವು.

ಮಾನಸಿಕ ಆರೋಗ್ಯದ ಬಗ್ಗೆ ಮಾತೆಂದರೆ ಸಾಮಾನ್ಯವಾಗಿ ಕಾಯಿಲೆಗಳ ಹೆಸರು, ಔಷಧ, ಆಸ್ಪತ್ರೆಗಳಿಂದ ಶುರುವಾಗುತ್ತದೆ. ನಾನು ಅದಕ್ಕಿಂತ ಸ್ವಲ್ಪ ಹಿಂದಿನಿಂದ, ಅಂದರೆ ಮನೆಯೊಳಗಿನಿಂದ ಶುರುಮಾಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಪ್ರತಿ 8 ಜನರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಒಟ್ಟು ಸುಮಾರು 97 ಕೋಟಿ ಜನ. ಅದರಲ್ಲಿ ದೊಡ್ಡ ಪಾಲು ಆತಂಕ ಮತ್ತು ಖಿನ್ನತೆಯದು. ಅಷ್ಟು ಜನರನ್ನು ನೋಡುವಷ್ಟು ಮನೋವೈದ್ಯರು ಯಾವ ದೇಶದಲ್ಲೂ ಇಲ್ಲ. ಹಾಗಾಗಿ ತೊಂದರೆ ಮೊದಲು ಕಣ್ಣಿಗೆ ಬೀಳುವುದು ಪಕ್ಕದಲ್ಲಿರುವವರಿಗೆ: ಗಂಡನಿಗೆ, ಹೆಂಡತಿಗೆ, ಮಕ್ಕಳಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ. ಅವರು ನೋಡಿದರೂ ಗುರುತಿಸದಿದ್ದರೆ ಮುಂದಿನದ್ದೆಲ್ಲ ತಡವಾಗುತ್ತದೆ.

ಗುರುತಿಸುವುದು ಹೇಗೆ? ಅಳುವವರನ್ನು ಗುರುತಿಸುವುದು ಸುಲಭ. ಆದರೆ ಖಿನ್ನತೆ ಇರುವ ಎಲ್ಲರೂ ಅಳುವುದಿಲ್ಲ. ಎಷ್ಟೋ ಗಂಡಸರಲ್ಲಿ ಅದು ಸಿಡುಕಿನ ರೂಪದಲ್ಲಿ ಹೊರಬರುತ್ತದೆ. ಮಾತು ಮಾತಿಗೆ ರೇಗುತ್ತಾರೆ, ಕುಡಿತ ಹೆಚ್ಚುತ್ತದೆ. ಕೆಲವರಿಗೆ ಮೈಕೈ ನೋವು, ತಲೆನೋವು, ಹೊಟ್ಟೆಯ ತೊಂದರೆ. ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸಿದರೂ ಕಾರಣ ಸಿಗುವುದಿಲ್ಲ. ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಅನ್ನುತ್ತಾರೆ, ಅದು ನಾಟಕವೇ ಆಗಬೇಕೆಂದಿಲ್ಲ. ವಯಸ್ಸಾದವರಲ್ಲಿ ಮರೆವಿನಂತೆ ಕಾಣುವುದು ಕೆಲವು ಸಲ ಮರೆವಿನ ಕಾಯಿಲೆಯೇ ಆಗಿರುವುದಿಲ್ಲ, ಖಿನ್ನತೆಯಾಗಿರುತ್ತದೆ. ಚಿಕಿತ್ಸೆ ಕೊಟ್ಟರೆ ನೆನಪೂ ಚುರುಕಾಗುತ್ತದೆ. ಹೆರಿಗೆಯಾದ ಮೊದಲ ಕೆಲವು ದಿನ ತಾಯಿಗೆ ಕಾರಣವಿಲ್ಲದೆ ಅಳು ಬರುವುದು ಬಹಳ ಸಾಮಾನ್ಯ. ಅದು ಎರಡು ವಾರ ದಾಟಿದರೆ ಮಾತ್ರ "ಬಾಣಂತಿಗೆ ಹೀಗೆಲ್ಲ ಆಗುತ್ತೆ" ಅಂತ ಕೂರಬಾರದು, ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು.

ಎರಡು ವಾರ ಎನ್ನುವುದು ಖಿನ್ನತೆಯ ವಿಷಯದಲ್ಲೂ ವೈದ್ಯರು ಬಳಸುವ ಅಳತೆ. ದುಃಖ ಎಲ್ಲರಿಗೂ ಬರುತ್ತದೆ. ಪರೀಕ್ಷೆ ಕೆಟ್ಟರೆ, ಕೆಲಸ ಹೋದರೆ, ಹತ್ತಿರದವರು ತೀರಿಕೊಂಡರೆ ಬರಲೇಬೇಕು. ಅದಕ್ಕೆ ಕಾಯಿಲೆಯ ಹೆಸರು ಕೊಡುವ ಆತುರ ಬೇಡ. ಈಚೆಗೆ ಒಂದು ದಿನ ಬೇಸರವಾದರೂ "ನನಗೆ ಡಿಪ್ರೆಶನ್" ಅನ್ನುವ ರೂಢಿ ಬಂದುಬಿಟ್ಟಿದೆ. ಅದರಿಂದ ನಿಜವಾಗಿ ಬಳಲುತ್ತಿರುವವರ ಮಾತೂ ಹಗುರಾಗುತ್ತದೆ. ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿದ್ದು, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವಾಗಿ, ನಿದ್ದೆ, ಹಸಿವು, ಗಮನ, ಮೈಯ ಕಸುವು ಎಲ್ಲದರಲ್ಲೂ ಏರುಪೇರಾಗಿ, ಹೆಚ್ಚುಕಡಿಮೆ ಪ್ರತಿದಿನವೂ ಹೀಗೇ ಎರಡು ವಾರ ಕಳೆದರೆ ಆಗ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಕಲ್ಪನೆಯದೇ ಅಂದುಕೊಳ್ಳಿ, ಆದರೆ ಇಂಥವರು ನಿಮ್ಮ ಸುತ್ತಮುತ್ತಲೂ ಇದ್ದಾರೆ. ಐವತ್ತು ದಾಟಿದ, ಲೆಕ್ಕಪತ್ರದ ಕೆಲಸದ ಒಬ್ಬರು. ಬೆಳಗ್ಗೆ ಪತ್ರಿಕೆ ಬಂದ ಕೂಡಲೇ ಪೆನ್ಸಿಲ್ ಹಿಡಿದು ಪದಬಂಧ ತುಂಬುವುದು ಅವರ ಹಳೆಯ ಅಭ್ಯಾಸ. ಮೊದಲು ಪದಬಂಧ ಅರ್ಧಕ್ಕೆ ನಿಲ್ಲತೊಡಗಿತು. ಆಮೇಲೆ ಪೆನ್ಸಿಲ್ ಇಟ್ಟಲ್ಲೇ ಇತ್ತು. ಕೆಲಸಕ್ಕೆ ಹೋಗಿ ಬರುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಹೊರಗಿನವರಿಗೆ ಏನೂ ಗೊತ್ತಾಗುವಂತಿರಲಿಲ್ಲ. ಗಮನಿಸಿದ್ದು ಮಗಳು. ಅವಳು "ಅಪ್ಪಾ, ಬೇಜಾರಾ?" ಅಂತ ಕೇಳಲಿಲ್ಲ. ಕೇಳಿದ್ದರೆ "ಛೇ, ಏನಿಲ್ಲ" ಅನ್ನುವ ಉತ್ತರ ಸಿದ್ಧವಾಗಿಯೇ ಇತ್ತು. "ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ?" ಅಂತ ಕೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರೂವರೆಗೆ" ಅಂದರು. "ಆಮೇಲೆ?" "ಆಮೇಲೆ ನಿದ್ದೆ ಬರಲ್ಲ. ಮಂಚದ ಅಂಚಲ್ಲಿ ಕೂತಿರ್ತೀನಿ." "ಕೂತು ಏನು ಯೋಚನೆ ಮಾಡ್ತೀರಿ?" ಅಲ್ಲಿಂದ ಮುಂದೆ ಮಾತು ತಾನಾಗಿ ಬಂತು.

ಈ ನಿದ್ದೆಯ ಪ್ರಶ್ನೆ ಬಹಳ ಉಪಯೋಗಕ್ಕೆ ಬರುತ್ತದೆ. ಮನಸ್ಸಿನ ವಿಷಯ ಹೇಳಲು ನಾಚುವವರೂ ನಿದ್ದೆಯ ವಿಷಯ ಹೇಳಲು ಹಿಂಜರಿಯುವುದಿಲ್ಲ. ಬೇಗ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು ಖಿನ್ನತೆಯಲ್ಲಿ ವೈದ್ಯರು ಹುಡುಕುವ ಲಕ್ಷಣಗಳಲ್ಲೊಂದು. ಮಲಗಿ ಗಂಟೆಗಟ್ಟಲೆಯಾದರೂ ನಿದ್ದೆ ಹತ್ತದೆ ಹೊರಳಾಡುವುದು ಆತಂಕದಲ್ಲಿ ಹೆಚ್ಚು. ಕೇಳಿ ಆದ ಮೇಲೆ ನೀವು ಸುಮ್ಮನಿರಬೇಕು, ಅದೇ ಕಷ್ಟ. ನಡುವೆ ಬಾಯಿ ಹಾಕಿ ಪರಿಹಾರ ಹೇಳುವ ಚಪಲ ನಮಗೆಲ್ಲರಿಗೂ ಇದೆ.

ಸಾಮಾನ್ಯ ಜನ ಕೇಳಿಸಿಕೊಂಡ ಮಾತ್ರಕ್ಕೆ ಏನಾದೀತು ಅಂತ ಅನುಮಾನ ಇರುವವರಿಗೆ ಜಿಂಬಾಬ್ವೆಯ ಕತೆ ಹೇಳಬೇಕು. ಅಲ್ಲಿ ಇಡೀ ದೇಶಕ್ಕೆ ಬೆರಳೆಣಿಕೆಯಷ್ಟು ಮನೋವೈದ್ಯರು. ಅವರಲ್ಲೊಬ್ಬರಾದ ಡಿಕ್ಸನ್ ಚಿಬಾಂಡ 2006ರಲ್ಲಿ ರಾಜಧಾನಿ ಹರಾರೆಯಲ್ಲಿ ಒಂದು ಪ್ರಯೋಗ ಶುರುಮಾಡಿದರು. ಅವರ ಕೈಲಿ ಹಣವಿರಲಿಲ್ಲ, ಕೊಠಡಿಯೂ ಇರಲಿಲ್ಲ. ಸಮುದಾಯದಲ್ಲಿ ಆರೋಗ್ಯದ ಕೆಲಸ ಮಾಡುತ್ತಿದ್ದ ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟರು. ಚಿಕಿತ್ಸಾಲಯದ ಆವರಣದಲ್ಲಿ ಮರದ ಬೆಂಚು ಹಾಕಿದರು. ಹೆಸರು ಫ್ರೆಂಡ್‌ಶಿಪ್ ಬೆಂಚ್. ಅಜ್ಜಿ ಒಂದು ತುದಿಯಲ್ಲಿ, ಬಂದವರು ಪಕ್ಕದಲ್ಲಿ. ಬಂದವರು ತಮ್ಮ ತಾಪತ್ರಯಗಳನ್ನೆಲ್ಲ ಹೇಳಿಕೊಳ್ಳುತ್ತಾರೆ. ಆಮೇಲೆ ಅದರಲ್ಲಿ ಒಂದನ್ನು, ಒಂದನ್ನೇ, ಅವರೇ ಆರಿಸಿಕೊಳ್ಳಬೇಕು. ಅದಕ್ಕೆ ಮುಂದಿನ ಭೇಟಿಯೊಳಗೆ ತನ್ನಿಂದ ಆಗುವಂಥ ಒಂದು ಹೆಜ್ಜೆ ಯಾವುದು ಅಂತ ಅವರೇ ಹೇಳಬೇಕು. ಅಜ್ಜಿ ಉಪದೇಶ ಮಾಡುವಂತಿಲ್ಲ. ತೀವ್ರ ತೊಂದರೆ ಕಂಡರೆ ಮೇಲಿನವರ ಹತ್ತಿರ ಕಳಿಸಬೇಕು.

ಇದು ಬರೀ ಮನಸ್ಸಿಗೆ ಹಿತವಾಗುವ ಕತೆ ಅಂತ ಬಿಟ್ಟುಬಿಡುವ ಹಾಗಿಲ್ಲ. ಇದನ್ನು ಔಷಧವನ್ನು ಪರೀಕ್ಷಿಸುವ ರೀತಿಯಲ್ಲೇ ಎರಡು ಗುಂಪು ಮಾಡಿ ಪರೀಕ್ಷಿಸಿ, ಫಲಿತಾಂಶವನ್ನು 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆರು ತಿಂಗಳ ಕೊನೆಗೆ, ಬೆಂಚಿನ ಮೇಲೆ ಕೂತವರಲ್ಲಿ ಖಿನ್ನತೆ, ಆತಂಕದ ಲಕ್ಷಣಗಳು ಎಂದಿನ ಆರೈಕೆ ಪಡೆದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿದ್ದವು. ನಾನು ಇದರಲ್ಲಿ ಹೆಚ್ಚು ಮೆಚ್ಚುವುದು ಆ "ಒಂದನ್ನೇ" ಎನ್ನುವ ನಿಯಮವನ್ನು. ಕುಗ್ಗಿದ ಮನಸ್ಸಿಗೆ ಎಲ್ಲ ಕಷ್ಟವೂ ಒಟ್ಟಿಗೇ ಮೈಮೇಲೆ ಬಿದ್ದಂತೆ ಕಾಣುತ್ತದೆ, ಯಾವುದನ್ನೂ ಎತ್ತಿ ಪಕ್ಕಕ್ಕಿಡಲಾಗುವುದಿಲ್ಲ.

ಇನ್ನು ಯಾರೂ ಬಾಯಿಬಿಟ್ಟು ಕೇಳಲು ಇಷ್ಟಪಡದ ಒಂದು ಪ್ರಶ್ನೆ. ಎದುರಿಗಿರುವವರು "ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೇದು" ಎಂಬ ಧಾಟಿಯಲ್ಲಿ ಮಾತಾಡಿದರೆ, ಇದ್ದಕ್ಕಿದ್ದಂತೆ ತಮ್ಮ ವಸ್ತುಗಳನ್ನು ಹಂಚತೊಡಗಿದರೆ, ನೇರವಾಗಿ ಕೇಳಬೇಕು: "ಸಾಯಬೇಕು ಅಂತ ಯೋಚನೆ ಬಂದಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಆಗುತ್ತದೆ ಅನ್ನುವುದು ಬಹಳ ಜನರ ಭಯ. ಹಾಗಾಗುವುದಿಲ್ಲ. ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿರುವುದು ಅದನ್ನೇ. ಯಾರೋ ಒಬ್ಬರು ಹೆದರದೆ ಕೇಳಿದರಲ್ಲ ಅಂತ ಅವರಿಗೆ ಎದೆಯ ಭಾರ ಇಳಿಯುವುದೇ ಹೆಚ್ಚು. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಅಪಾಯ ತರುವಂಥ ಯಾವುದೂ ಕೈಗೆ ಸಿಗದಂತೆ ತೆಗೆದಿಡಿ, ಅದೇ ದಿನ ಆಸ್ಪತ್ರೆಗೋ ನಿಮ್ಮ ಭಾಗದ ಸಹಾಯವಾಣಿಗೋ ತಲುಪಿಸಿ. "ಯಾರಿಗೂ ಹೇಳಬೇಡ" ಅಂತ ಆಣೆ ಹಾಕಿಸಿಕೊಂಡರೂ ಈ ಒಂದು ಗುಟ್ಟನ್ನು ಕಾಪಾಡಬಾರದು. ತೆಗೆದಿಟ್ಟರೆ ಇನ್ನೊಂದು ದಾರಿ ಹುಡುಕುತ್ತಾರೆ ಅನ್ನುವ ಮಾತೂ ಕೇಳಿಬರುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರ ನಂತರದ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಆ ತೀವ್ರ ಗಳಿಗೆ ಎಷ್ಟೋ ಜನರಲ್ಲಿ ಕಳೆದುಹೋಗುವಂಥದು. ಅದು ಕಳೆಯುವವರೆಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ವೈದ್ಯರ ಹತ್ತಿರ ಹೋದರೆ ಏನಾಗುತ್ತದೆ ಎಂಬುದು ಗೊತ್ತಿಲ್ಲದೆ ಹಿಂಜರಿಯುವವರು ಬಹಳ. ಮೊದಲ ಭೇಟಿ ಹೆಚ್ಚುಪಾಲು ಮಾತಿನಲ್ಲೇ ಕಳೆಯುತ್ತದೆ. ಯಾವಾಗಿನಿಂದ, ನಿದ್ದೆ ಹೇಗೆ, ಊಟ ಹೇಗೆ, ಕೆಲಸ ಸಾಗುತ್ತಿದೆಯೆ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೆ, ಕುಡಿತ ಇದೆಯೆ ಎಂದೆಲ್ಲ ಕೇಳುತ್ತಾರೆ. ರಕ್ತಪರೀಕ್ಷೆ ಬರೆದುಕೊಟ್ಟರೆ ಆಶ್ಚರ್ಯಪಡಬೇಡಿ. ಥೈರಾಯ್ಡ್ ಮಂದವಾದರೂ, ಬಿ12 ಜೀವಸತ್ವ ಕಡಿಮೆಯಾದರೂ ಖಿನ್ನತೆಯಂತೆಯೇ ಕಾಣಬಹುದು. ತೊಂದರೆ ಹಗುರವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸಾಕ್ರಮವೊಂದಿದೆ: ತಲೆಗೆ ಬರುವ ಯೋಚನೆಯನ್ನು ಬರೆದು, ಅದಕ್ಕೆ ಪುರಾವೆ ಏನಿದೆ ಅಂತ ವಕೀಲರ ಹಾಗೆ ತನಿಖೆ ಮಾಡುವುದು. ಇವತ್ತಿಗೂ ಬಹಳ ಬಳಕೆಯಲ್ಲಿದೆ.

ಮಾತ್ರೆಯ ಬಗ್ಗೆ ಒಂದೆರಡು ಮಾತು, ಯಾಕೆಂದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇಲ್ಲೇ. ಖಿನ್ನತೆಯ ಔಷಧ ತಲೆನೋವಿನ ಮಾತ್ರೆಯ ಹಾಗೆ ಗಂಟೆಯೊಳಗೆ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ತಮಾಷೆಯೆಂದರೆ ಹೊಟ್ಟೆ ತೊಳಸುವಂಥ ಅಡ್ಡಪರಿಣಾಮಗಳು ಮೊದಲ ವಾರದಲ್ಲೇ ಬರುತ್ತವೆ. ಹಾಗಾಗಿ ರೋಗಿಗೆ ಕಾಣುವುದು ತೊಂದರೆ ಮಾತ್ರ, ಗುಣವಿಲ್ಲ. ಹತ್ತನೆಯ ದಿನ ಮಾತ್ರೆ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಗುಣವಾಯಿತು ಅಂತ ತಾವೇ ಏಕಾಏಕಿ ನಿಲ್ಲಿಸುತ್ತಾರೆ, ಅದೂ ತಪ್ಪು. ನಿಲ್ಲಿಸುವುದನ್ನು ವೈದ್ಯರ ಸಲಹೆಯಂತೆ ನಿಧಾನವಾಗಿ ಮಾಡಬೇಕು. ಚಟ ಹತ್ತುತ್ತದೆ ಅನ್ನುವ ಮಾತು ಕೆಲವು ನಿದ್ದೆಮಾತ್ರೆಗಳಿಗೆ ಹೊಂದುತ್ತದೆ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದಲೇ ಇಷ್ಟು ಗೊಂದಲ.

ಕಾಯಿಲೆ ಇಲ್ಲದವರೂ ದಿನನಿತ್ಯ ಮಾಡಿಕೊಳ್ಳಬಹುದಾದದ್ದೇನು? "ಸದಾ ಒಳ್ಳೆಯದನ್ನೇ ಯೋಚಿಸಿ" ಎಂಬ ಸಂದೇಶಗಳ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಯೋಚನೆ ನಾವು ಹೇಳಿದ ಮಾತು ಕೇಳುವುದಿಲ್ಲ, ಕಾಲು ಕೇಳುತ್ತದೆ. ಮನಸ್ಸು ಬಂದ ಮೇಲೆ ಹೊರಗೆ ಹೋಗೋಣ ಅಂತ ಕಾದರೆ ಮನಸ್ಸು ಬರುವುದೇ ಇಲ್ಲ. ಹೋಗಿ ಬಂದ ಮೇಲೆ ಬರುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲೂ ಇದನ್ನೇ ಕ್ರಮಬದ್ಧವಾಗಿ ಮಾಡಿಸುತ್ತಾರೆ: ನಾಳೆ ಹತ್ತು ಗಂಟೆಗೆ ಹತ್ತು ನಿಮಿಷ ನಡೆಯುವುದು, ಸಂಜೆ ಒಬ್ಬರಿಗೆ ಫೋನ್ ಮಾಡುವುದು, ಹೀಗೆ ಚಿಕ್ಕ ಚಿಕ್ಕ ಕೆಲಸಗಳನ್ನು ಮೊದಲೇ ಬರೆದಿಟ್ಟು, ಮನಸ್ಸಿನ ಅಪ್ಪಣೆ ಕೇಳದೆ ಮಾಡುವುದು. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟಾಗದಿದ್ದರೆ ಆದಷ್ಟು, ಏನೂ ಮಾಡದಿರುವುದಕ್ಕಿಂತ ಅದೇ ಮೇಲು.

ನಿದ್ದೆಯ ವಿಷಯದಲ್ಲಿ ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿಮಾಡಿಕೊಳ್ಳಿ, ರಜಾದಿನದಲ್ಲೂ ಸಹ. ಕಾಫಿ, ಟೀಯಲ್ಲಿರುವ ಕೆಫೀನ್ ಅರ್ಧದಷ್ಟು ಮೈಯಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು, ಸಂಜೆಯ ಲೋಟದ ಲೆಕ್ಕ ನೀವೇ ಹಾಕಿಕೊಳ್ಳಿ. ಮದ್ಯ ಬೇಗ ನಿದ್ದೆ ಹತ್ತಿಸಿ ನಡುರಾತ್ರಿಯಲ್ಲಿ ಎಬ್ಬಿಸುತ್ತದೆ.

ಕೊನೆಯದಾಗಿ, ನೋಡಿಕೊಳ್ಳುವವರ ವಿಷಯ. ಖಿನ್ನತೆ ಒಮ್ಮೆ ಬಂದುಹೋದವರಿಗೆ ಮರಳಿ ಬರುವ ಸಾಧ್ಯತೆ ಇರುತ್ತದೆ. ಹಾಗಾಗಿ ಚೇತರಿಸಿಕೊಂಡ ಮೇಲೆ, ನಗುನಗುತ್ತಾ ಮಾತಾಡುವ ಒಂದು ದಿನ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಕಳೆದ ಸಲ ಮೊದಲು ಕೆಟ್ಟದ್ದು ಏನು? ಒಬ್ಬರಿಗೆ ನಿದ್ದೆ, ಇನ್ನೊಬ್ಬರಿಗೆ ಸಿಡುಕು, ಮತ್ತೊಬ್ಬರು ಫೋನ್ ಎತ್ತುವುದನ್ನೇ ಬಿಟ್ಟಿರುತ್ತಾರೆ. ಅದು ಮತ್ತೆ ಕಂಡರೆ ಯಾರು ಯಾರಿಗೆ ಹೇಳಬೇಕು, ಯಾವ ವೈದ್ಯರ ಹತ್ತಿರ ಹೋಗಬೇಕು, ಯಾವ ಮಾತು ಹೇಳಿದರೆ ಹಿಡಿಸುವುದಿಲ್ಲ ಎಂಬುದನ್ನೂ ಬರೆಯಿರಿ. ಕಾಯಿಲೆಯಲ್ಲಿದ್ದವರಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ಅವರಿಗೆ ತಿಳಿದಷ್ಟು ನಿಮಗೆ ತಿಳಿದಿರುವುದಿಲ್ಲ.

ನಮಸ್ಕಾರ.