ಇವರನ್ನೇ ಯಾಕೆ ಕೇಳುತ್ತೀರಿ?

ಕೇಳುಗರೇ, ನಮಸ್ಕಾರ.

ಕೆಲವು ದಿನಗಳ ಹಿಂದೆ ನಮ್ಮ ವಿಜಯಪುರ ಜಿಲ್ಲೆಯ ಒಂದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಂದು ಅಲೆಮಾರಿ ಕುಟುಂಬ ಕೂತಿತ್ತು. ಪೊಲೀಸರೊಬ್ಬರು ಬಂದು ಅಜ್ಜಿಯ ಗಂಟು ಬಿಚ್ಚಿಸಿದರು. ಅದರಲ್ಲಿ ಇದ್ದದ್ದು ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಮ್ಮಗನ ಅಂಗಿ. ನನ್ನ ಚೀಲ ಆ ಗಂಟಿಗಿಂತ ದೊಡ್ಡದಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಅಜ್ಜಿ ಸುಮ್ನೆ ರೊಟ್ಟಿಯ ಧೂಳು ಒರೆಸಿ ಮತ್ತೆ ಗಂಟು ಕಟ್ಟಿದರು.

ಸ್ಪೇನಿನ ರೊಸಾಲಿಂಡ್ ವಿಲಿಯಮ್ಸ್ ಅವರ ಕಥೆಯೂ ಇಂಥದ್ದೇ. 1992ರ ಡಿಸೆಂಬರ್. ಗಂಡ, ಮಗನ ಜೊತೆ ವಲ್ಯಾದೊಲಿದ್ ಸ್ಟೇಷನ್ನಿನಲ್ಲಿ ರೈಲು ಇಳಿದರು. ಅಷ್ಟು ಜನರಲ್ಲಿ ಪೊಲೀಸರು ಗುರುತಿನ ಚೀಟಿ ಕೇಳಿದ್ದು ಇವರೊಬ್ಬರನ್ನೇ. ಕಾರಣ, ಮೈಬಣ್ಣ ಕಪ್ಪು. ಅವರು ಆ ದೇಶದ ಪ್ರಜೆಯಾಗಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ‘ಇವಳನ್ನೇ ಯಾಕೆ ಕೇಳುತ್ತೀರಿ?’ ಎಂದರು ಗಂಡ. ಆ ಒಂದು ಪ್ರಶ್ನೆ ಹಿಡಿದು ರೊಸಾಲಿಂಡ್ ಕೋರ್ಟಿಂದ ಕೋರ್ಟಿಗೆ ಅಲೆದರು. ಸ್ಪೇನಿನ ಸಂವಿಧಾನ ನ್ಯಾಯಾಲಯದಲ್ಲೂ ಸೋತರು. ಕೊನೆಗೆ 2009ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಅವರ ಮಾತು ಎತ್ತಿಹಿಡಿಯಿತು: ಬರೀ ಬಣ್ಣ ನೋಡಿ ತಡೆಯುವುದು ತಾರತಮ್ಯ. ಹದಿನೇಳು ವರ್ಷ!

ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಮಂಡಿಯಡಿ ಸತ್ತದ್ದು 2020ರಲ್ಲಿ. ಮರುವರ್ಷವೇ ಇಂಥ ಪೊಲೀಸ್ ಹಿಂಸೆಯನ್ನು ಪರಿಶೀಲಿಸಲು ವಿಶ್ವಸಂಸ್ಥೆ ತಜ್ಞರ ಪ್ರತ್ಯೇಕ ವ್ಯವಸ್ಥೆ ಮಾಡಿತು.

ಇದೆಲ್ಲ ದೂರದ ಮಾತು ಅನಿಸಬಹುದು. ಅಲ್ಲ. ಜನಾಂಗ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆಯ 1965ರ ಒಪ್ಪಂದದಲ್ಲಿ ‘ವಂಶ’ ಎಂಬ ಪದ ಸೇರಿಸಲು ಹೇಳಿದ್ದೇ ಭಾರತ. ಆ ಪದದೊಳಗೆ ಜಾತಿಯೂ ಬರುತ್ತದೆ ಎಂದು ಆ ಒಪ್ಪಂದದ ಪಾಲನೆ ನೋಡುವ ಸಮಿತಿ 2002ರಲ್ಲಿ ಹೇಳಿತು. ನಮ್ಮ ಸರ್ಕಾರ ಮಾತ್ರ ಇದನ್ನು ಒಪ್ಪಿಲ್ಲ. ನನಗೆ ಬೇಸರದ ಸಂಗತಿ ಇದು.

ಯಾಕೆಂದರೆ ನಮ್ಮ ಬಿಜಾಪುರಕ್ಕೆ ಇದರ ನೋವು ಗೊತ್ತು. ಬ್ರಿಟಿಷರ 1871ರ ಕಾನೂನು ಇಡೀ ಬುಡಕಟ್ಟುಗಳನ್ನೇ ಹುಟ್ಟು ಅಪರಾಧಿಗಳು ಎಂದಿತು. ಆಮೇಲೆ ಆ ಜನರನ್ನು ಕಾವಲಿನಲ್ಲಿ ಇಡುವ ಸೆಟ್ಲಮೆಂಟ್ ಇಲ್ಲೇ ಬಂತು. ಹೊತ್ತುಹೊತ್ತಿಗೆ ಹಾಜರಿ, ಹೊರಗೆ ಹೋಗಲು ಪಾಸು. 1952ರಲ್ಲಿ ಆ ಕಾನೂನು ಹೋಯಿತು, ಆದರೆ ಪದೇ ಪದೇ ತಪ್ಪು ಮಾಡುವವರೆಂದು ಜನರನ್ನು ಗುರುತಿಸುವ ‘ರೂಢಿಗತ ಅಪರಾಧಿ’ ಕಾಯ್ದೆಗಳು ಉಳಿದವು. ಅವನ್ನು ತೆಗೆಯಿರಿ ಎಂದು ವಿಶ್ವಸಂಸ್ಥೆಯ ಅದೇ ಸಮಿತಿ 2007ರಲ್ಲೇ ಭಾರತಕ್ಕೆ ಹೇಳಿತ್ತು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ವಿಮುಕ್ತ ಬುಡಕಟ್ಟುಗಳ, ಅಂದರೆ ಆ ಹಳೆಯ ಕಾನೂನಿನ ಪಟ್ಟಿಯಿಂದ ಹೊರಬಂದ ಬುಡಕಟ್ಟುಗಳ, ಜನರನ್ನು ಪೊಲೀಸರು ಮನಬಂದಂತೆ ಬಂಧಿಸಬಾರದು ಎಂದಿತು.

ಆ ತೀರ್ಪು ಬಸ್ ಸ್ಟ್ಯಾಂಡಿಗೆ ಇನ್ನೂ ಬಂದಿಲ್ಲ. ಅವತ್ತು ‘ಅಜ್ಜಿಯ ಗಂಟನ್ನೇ ಯಾಕೆ ಬಿಚ್ಚಿಸುತ್ತೀರಿ?’ ಎಂದು ನಾನಾದರೂ ಕೇಳಬೇಕಿತ್ತು. ಮುಂದಿನ ಸಲ ಕೇಳುತ್ತೇನೆ. ನೀವು ಪಕ್ಕದಲ್ಲಿದ್ದರೆ ನನ್ನ ಜೊತೆ ನಿಲ್ಲಿ.

ನಮಸ್ಕಾರ.